ಶೇ 94ರಷ್ಟು ಕಳ್ಳ

ಇನ್ಫೊಸಿಸ್ ನಾರಾಯಣ ಮೂರ್ತಿಯವರು ಮೊಬೈಲ್ ಪರದೆಯ ಮೇಲೆ ಪ್ರತ್ಯಕ್ಷರಾಗಿ, ಇಂತಿಷ್ಟು ಹಾಕಿ, ದುಪ್ಪಟ್ಟು ಎಣಿಸಿಕೊಳ್ಳಿ ಎನ್ನುತ್ತಾರೆ. ವಾರಕ್ಕೆ 70 ಗಂಟೆ ದುಡಿಯಿರಿ ಎಂದವರು ಕೂತಲ್ಲೇ ದುಡ್ಡು ಕೊಡುತ್ತಾರೆಂದರೆ ಅನುಮಾನ ಬರಬೇಕಿತ್ತು. ಬೆಂಗಳೂರಿನಲ್ಲೇ ಕೆಲವರಿಗೆ ಬರಲಿಲ್ಲ, ಲಕ್ಷಗಟ್ಟಲೆ ಕಳೆದುಕೊಂಡರು. ಇವೆಲ್ಲ ಡೀಪ್‌ಫೇಕ್, ನಂಬಬೇಡಿ ಎಂದು ಅಸಲಿ ಮೂರ್ತಿಯವರು 2023ರ ಡಿಸೆಂಬರ್‌ನಲ್ಲೇ ಎಚ್ಚರಿಸಿದ್ದರು. ನಕಲಿಯವರು ಆಮೇಲೂ ನಿವೃತ್ತರಾಗಲಿಲ್ಲ.

ಇಂಥದ್ದನ್ನು ಹಿಡಿಯುವ ತಂತ್ರಜ್ಞಾನವೇ ಇಲ್ಲವೆ? ಎಲ್ಲಾದರೂ ಉಂಟೆ! ಮಗಳ ಮದುವೆ ವಿಡಿಯೊಗೆ ಸಿನಿಮಾ ಹಾಡೊಂದನ್ನು ಸೇರಿಸಿ ಫೇಸ್‌ಬುಕ್‌ಗೆ ಹಾಕಿ ನೋಡಿ. ಮಾಂಗಲ್ಯಧಾರಣೆಯ ಹೊತ್ತಿಗೆ ದನಿಯೇ ಕಟ್ಟಿರುತ್ತದೆ. ಹಾಡಿಗೆ ವಾರಸುದಾರರಿದ್ದಾರೆ, ಸ್ವಾಮಿ. ನಿಮ್ಮ ಉಳಿತಾಯ ಖಾತೆಗೆ ಯಾರಿದ್ದಾರೆ?

ಒಳಗುಟ್ಟು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾ ಕಂಪನಿಯ ಒಳಕಡತಗಳನ್ನು ರಾಯಿಟರ್ಸ್ ಸುದ್ದಿಸಂಸ್ಥೆ ಬಯಲಿಗಿಟ್ಟಿತು. 2024ರ ವರಮಾನದಲ್ಲಿ ಸುಮಾರು ಶೇ 10, ಅಂದರೆ 1,600 ಕೋಟಿ ಡಾಲರ್, ವಂಚನೆ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆಂದು ಕಂಪನಿಯೊಳಗೇ ಅಂದಾಜಾಗಿತ್ತು. (ಅದು ಒರಟು ಲೆಕ್ಕ, ಸೇರದ್ದೂ ಸೇರಿದೆ ಎಂಬುದು ಕಂಪನಿಯ ಸಮಜಾಯಿಷಿ.)

ಆ ಕಡತಗಳ ಪ್ರಕಾರ, ಜಾಹೀರಾತುದಾರ ವಂಚಕನೆಂದು ಶೇ 95ರಷ್ಟು ಖಚಿತವಾದರೆ ಮಾತ್ರ ಹೊರದಬ್ಬುವುದು. ಅವನು ಶೇ 94ರಷ್ಟೇ ಕಳ್ಳನಾಗಿದ್ದರೆ? ದರ ಏರಿಸುವುದು! ಜಾತ್ರೆಯಲ್ಲಿ ಜೇಬುಗಳ್ಳನನ್ನು ಗುರುತಿಸಿ, ಇವನ ಮೇಲೆ ಗುಮಾನಿಯಿದೆ, ಆದ್ದರಿಂದ ನೆಲಬಾಡಿಗೆ ಜಾಸ್ತಿ ಎಂದು ರಸೀದಿ ಹರಿದುಕೊಟ್ಟ ಹಾಗೆ. ಇದಕ್ಕೆ ಮೆಟಾದಲ್ಲಿ ದಂಡವೆಂದು ಹೆಸರು. ದಂಡ ಕಟ್ಟುವವನು ಆ ದುಡ್ಡನ್ನು ಯಾರ ಜೇಬಿನಿಂದ ತೆಗೆಯುತ್ತಾನೆಂದು ಕೇಳುವುದು ಅಸಭ್ಯತೆ.

ಕಳ್ಳರಲ್ಲೂ ಅಂತಸ್ತುಂಟು. ಸಣ್ಣ ಜಾಹೀರಾತುದಾರ ಹಣಕಾಸು ವಂಚನೆಗಾಗಿ ಕನಿಷ್ಠ ಎಂಟು ಸಲ ಸಿಕ್ಕಿಬಿದ್ದರೆ ಬಾಗಿಲು ಬಂದ್. ದೊಡ್ಡ ಮೊತ್ತ ಸುರಿಯುವವರಲ್ಲಿ ಕೆಲವರು 500ಕ್ಕೂ ಹೆಚ್ಚು ಸಲ ತಪ್ಪಿ ನಡೆದರೂ ಉಳಿಯಬಹುದಿತ್ತಂತೆ. ಶಿಶುಪಾಲ ನೂರೊಂದಕ್ಕೇ ಹೋದ, ಪಾಪ.

ದೂರು ಕೊಡಿ ಎನ್ನುವಿರಾ? ವಂಚಕರ ಸಂದೇಶಗಳ ಬಗ್ಗೆ ಬಳಕೆದಾರರು ಕೊಟ್ಟ ಸಾಚಾ ದೂರುಗಳಲ್ಲಿ ಶೇ 96ರಷ್ಟನ್ನು 2023ರಲ್ಲಿ ಕಡೆಗಣಿಸಲಾಗಿತ್ತು ಇಲ್ಲವೇ ತಪ್ಪಾಗಿ ತಳ್ಳಿಹಾಕಲಾಗಿತ್ತು ಎನ್ನುತ್ತವೆ ಅವೇ ಕಡತಗಳು. ನಮ್ಮ 2021ರ ಐಟಿ ನಿಯಮಗಳು ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕೆಂದು ಹೇಳುತ್ತವೆ. ಯಂತ್ರಕ್ಕೆ ಸ್ವೀಕೃತಿ ಕಳಿಸುವುದು ಏನು ಮಹಾ? ಮೋಸದ ಜಾಹೀರಾತನ್ನು ಒಮ್ಮೆ ಒತ್ತಿದವರಿಗೆ ಅಂಥದ್ದೇ ಇನ್ನಷ್ಟನ್ನು ಹುಡುಕಿ ತಂದು ಬಡಿಸುವುದೂ ಯಂತ್ರವೇ.

ದುಡ್ಡು ಹೋಗಿದ್ದರೆ ಆ ಪರದೆಯಲ್ಲಿ ‘ರಿಪೋರ್ಟ್’ ಒತ್ತಿ ಕಾಯುತ್ತಾ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ.