ಎಳ್ಳು ಬೆಲ್ಲದವರೆಗೆ

ನಮ್ಮ ಬೀದಿಯ ವೆಲ್‌ನೆಸ್ ಕೋಚ್‌ಗೆ 2025ರಲ್ಲಿ ಒಂದೇ ಒಂದು ಸೋಲೂ ಆಗಲಿಲ್ಲ. ಆದದ್ದೆಲ್ಲ ‘ಲರ್ನಿಂಗ್’. ಹದಿನಾಲ್ಕು ಜನರ ಬ್ಯಾಚು ಐದಕ್ಕಿಳಿದದ್ದು ಲರ್ನಿಂಗ್, ಪಾರ್ಕಿನ ಕಾವಲುಗಾರ ಗೇಟಿಗೆ ಬೀಗ ಜಡಿದದ್ದು ಲರ್ನಿಂಗ್, ಸ್ಕೂಟರಿನ ಕಂತು ಮೂರು ತಿಂಗಳು ಬಾಕಿ ಬಿದ್ದದ್ದು ಬಲು ದೊಡ್ಡ ಲರ್ನಿಂಗ್. ಡಿಸೆಂಬರ್ ಕೊನೆಯ ವಾರ ಹನುಮಂತನಗರದ ದರ್ಶಿನಿಯೊಂದರ ಮುಂದೆ, ಬೈಟು ಕಾಫಿಯ ತಮ್ಮ ಪಾಲನ್ನು ಊದಿ ಊದಿ ಕುಡಿಯುತ್ತ, ‘ನನ್ನ ವರ್ಷದ ಆತ್ಮಾವಲೋಕನ’ ಎಂಬ ಬರಹವನ್ನು ಮೊಬೈಲಿನಿಂದ ನನಗೆ ಓದಿ ಹೇಳಿದರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ, “ಟ್ಯಾಗ್ ಮಾಡಿ ಸಾರ್” ಅನ್ನುತ್ತಾರೆ.

ಇಂಥವರು ಈಗ ಬಡಾವಣೆಗೊಬ್ಬರು ಇದ್ದಾರೆ. ಮುಂಚೆ ಬೀದಿಗೊಬ್ಬ ವಿಮಾ ಏಜೆಂಟ್ ಇರುತ್ತಿದ್ದರಲ್ಲ, ಹಾಗೆ. ಸತ್ತಮೇಲೆ ದುಡ್ಡು ಬರುತ್ತದೆ ಅಂತ ಅವರು ಹೇಳುತ್ತಿದ್ದರು. ದುಡ್ಡು ಕೊಟ್ಟರೆ ಸಾಯುವುದು ತಡವಾಗುತ್ತದೆ ಅಂತ ಇವರು ಹೇಳುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಕೈಯಲ್ಲಿ ತಾಮ್ರದ ಬಾಟಲಿ, ಮುಂಗೈಯಲ್ಲಿ ಹೆಜ್ಜೆ ಎಣಿಸುವ ವಾಚು, ಪ್ರತಿ ಮಾತಿಗೆ ಮುಂಚೆ ಒಂದು ದೀರ್ಘ ಉಸಿರು. ನಮ್ಮವರು ಹದಿನೈದು ವರ್ಷ ಸೇಲ್ಸ್‌ನಲ್ಲಿದ್ದವರು. ಕಂಪನಿ ಮನೆಗೆ ಕಳಿಸಿದ ಮೇಲೆ ನಾಲ್ಕು ಶನಿವಾರ, ನಾಲ್ಕು ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತು ಸರ್ಟಿಫಿಕೇಟ್ ತೆಗೆದುಕೊಂಡರು. ಅದು ಈಗ ಲ್ಯಾಮಿನೇಟ್ ಆಗಿ ಹಾಲಿನಲ್ಲಿ ವೆಂಕಟರಮಣನ ಪಕ್ಕ ತೂಗುತ್ತಿದೆ. ಕೌನ್ಸಿಲ್ಲಿನಲ್ಲಿ ನೋಂದಣಿ ಇಲ್ಲದೆ ಡಾಕ್ಟರ್ ಬೋರ್ಡು ಹಾಕುವಂತಿಲ್ಲ, ಸನ್ನದು ಇಲ್ಲದೆ ವಕೀಲ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಕೋಚ್ ಆಗಲು ಕನ್ನಡಿ ಮುಂದೆ ನಿಂತು ತನ್ನನ್ನು ತಾನೇ ಹಾಗೆ ಕರೆದುಕೊಂಡರೆ ಸಾಕು.

ಅವರ ಅತ್ತೆ ಇರುವುದು ಕೋಲಾರದ ಕಡೆ. ಅಳಿಯ ಕೋಚ್ ಅಂದಾಗ ಆಕೆ ರೈಲಿನ ಡಬ್ಬಿ ಅಂದುಕೊಂಡು, “ಬಿಇಎಂಎಲ್‌ನಲ್ಲಿ ಆಯ್ತಾ? ಒಳ್ಳೇದಾಯ್ತು ಬಿಡು, ಪಿಂಚಣಿ ಇರುತ್ತೆ” ಎಂದು ಮುನೇಶ್ವರನಿಗೆ ಕಾಯಿ ಒಡೆಸಿದರಂತೆ. ನಿಜ ಗೊತ್ತಾದ ಮೇಲೂ ಮಗಳು ಆಕೆಗೆ ಹೇಳಿದ್ದು ಇಷ್ಟೇ: “ಹೂಂ ಕಣಮ್ಮ, ಡಬ್ಬೀನೇ.”

ಈ ಕಸುಬಿನ ಗುಟ್ಟು ನನಗೆ ಈ ವರ್ಷ ಗೊತ್ತಾಯಿತು. ವರ್ಷಕ್ಕೆ ಹದಿಮೂರು ದಿನ ಮಾತ್ರ ಸೀಸನ್. ಜನವರಿ ಒಂದಕ್ಕೆ ಜನ ಸಂಕಲ್ಪ ಮಾಡಿಕೊಂಡು ಬರುತ್ತಾರೆ, ಹೊಸ ಬೂಟು, ಹೊಸ ಚಾಪೆ. ಹದಿಮೂರನೆಯ ದಿನದವರೆಗೆ ಸೂರ್ಯನಿಗೂ ನಮಸ್ಕಾರ, ಕೋಚ್‌ಗೂ ನಮಸ್ಕಾರ. ಹದಿನಾಲ್ಕಕ್ಕೆ ಎಳ್ಳು ಬೆಲ್ಲ. ಅದರ ಜೊತೆ ಸಕ್ಕರೆ ಅಚ್ಚು, ಕಬ್ಬು, ಸಿಹಿ ಪೊಂಗಲ್ಲು. ಅಲ್ಲಿಗೆ ಸಂಕಲ್ಪದ ಉತ್ತರಾಯಣ ಮುಗಿದು ದಕ್ಷಿಣಾಯನ ಶುರು. ಅಷ್ಟರಲ್ಲಿ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರನ್ನು ಅಳತೆ ಚಮಚದಲ್ಲಿ ತಿನ್ನಿ ಅಂತ ಬೆಂಗಳೂರಿನವರಿಗೆ ಹೇಳುವ ಧೈರ್ಯ ಯಾವ ಕೋಚ್‌ಗಿದೆ? ಯುಗಾದಿಗೆ ಹೋಳಿಗೆ, ವರಮಹಾಲಕ್ಷ್ಮಿಗೆ ಮತ್ತೆ ಹೋಳಿಗೆ, ಗಣೇಶನಿಗೆ ಕಡುಬು, ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ಕಡಲೆಕಾಯಿ. “ನಮ್ಮ ಪಂಚಾಂಗವೇ ಕ್ಲೈಂಟ್ ಫ್ರೆಂಡ್ಲಿ ಅಲ್ಲ ಸಾರ್” ಎಂದು ಕೋಚ್ ನಿಟ್ಟುಸಿರಿಟ್ಟರು. ವಾಚು ಅದನ್ನೂ ಪ್ರಾಣಾಯಾಮ ಅಂತ ದಾಖಲಿಸಿತೋ ಏನೋ.

ಕಾಲ ಕೆಟ್ಟಿದೆ ಅಂತ ಪೂರಾ ಹೇಳುವಂತೆಯೂ ಇಲ್ಲ. ಅವರ ಪೈಪೋಟಿ ಸತ್ತುಹೋದ ಅಜ್ಜಿಯರ ಜೊತೆ. ರಾಗಿ ಅಂಬಲಿಯನ್ನು ಗಾಜಿನ ಬಾಟಲಿಗೆ ತುಂಬಿ ‘ಪ್ರೊಬಯೋಟಿಕ್ ಮಾರ್ನಿಂಗ್ ಡ್ರಿಂಕ್’ ಅಂತ ಚೀಟಿ ಅಂಟಿಸಿ ನೂರಿಪ್ಪತ್ತು ರೂಪಾಯಿಗೆ ಕೊಡುತ್ತಿದ್ದರು. ಮಂಡ್ಯದ ಕಡೆಯ ಕಂಟ್ರಾಕ್ಟರ್ ಒಬ್ಬರು ಒಂದು ಗುಟುಕು ಕುಡಿದು ಬಾಟಲಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಸಾ, ಇದ್ನ ನಮ್ಮವ್ವ ದಿನಾ ಹೊಲುಕ್ಕೆ ತರೋಳು. ಆಗ ಬಾಟ್ಲಿ ಇರ್ಲಿಲ್ಲ, ಅಷ್ಟೇಯ.” ದುಡ್ಡು ಮಾತ್ರ ಕೊಟ್ಟರು, ಅವ್ವ ನೆನಪಾದದ್ದಕ್ಕೆ ಇರಬೇಕು.

ಇದಕ್ಕಿಂತ ಭಾರಿ ಪೆಟ್ಟು ಬಿದ್ದದ್ದು ಎರಡನೇ ಕ್ರಾಸಿನ ಅಜ್ಜಿಯಿಂದ. ಕೋಚ್ ಮಳೆಗಾಲದಲ್ಲಿ ‘ನಾಲ್ಕು ತಿಂಗಳ ಎಲಿಮಿನೇಷನ್ ಡಯಟ್’ ಶುರು ಮಾಡಿದರು. ಒಂದೊಂದು ತಿಂಗಳು ಒಂದೊಂದು ಪದಾರ್ಥ ಬಿಡಬೇಕು, ಮೈಯಲ್ಲಿ ಏನು ಬದಲಾವಣೆ ಆಯಿತು ಅಂತ ಬರೆದಿಡಬೇಕು, ತಿಂಗಳಿಗೆ 2,000 ಫೀಸು. ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ ಪೂರ್ತಿ ಕೇಳಿಸಿಕೊಂಡರು.

“ಮೊದಲನೇ ತಿಂಗಳು ತರಕಾರಿ ಬಿಡೋದೇನಪ್ಪಾ?”

“ಇಲ್ಲ ಅಜ್ಜಿ, ಮೊದಲು ಡೈರಿ.”

“ಅದು ಆಮೇಲೆ. ಆಷಾಢದ ಏಕಾದಶಿಯಿಂದ ಶಾಕವ್ರತ, ತರಕಾರಿ ಇಲ್ಲ. ಎರಡನೇದು ದಧಿವ್ರತ, ಮೊಸರಿಲ್ಲ. ಮೂರನೇದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೇದು ದ್ವಿದಳ, ಬೇಳೆ ಕಾಳಿಲ್ಲ. ಅರವತ್ತು ವರ್ಷದಿಂದ ಮಾಡ್ತಿದೀನಿ. ಇದಕ್ಕೆ ದುಡ್ಡು ತಗೋಬಹುದು ಅಂತ ನಮ್ಮ ಆಚಾರ್ರಿಗೂ ಹೊಳೀಲಿಲ್ಲ ನೋಡು.”

ಬ್ಯಾಚಿನ ಮೂವರು ಹೆಂಗಸರು ಅವತ್ತೇ ಅಜ್ಜಿಯ ಕಡೆ ಸೇರಿಕೊಂಡರು. ಅಲ್ಲಿ ಫೀಸಿಲ್ಲ, ಪಾರಣೆಗೆ ಊಟವೂ ಉಂಟು. ಏಕಾದಶಿಯ ಉಪವಾಸಕ್ಕೆ ‘ಫಾಸ್ಟಿಂಗ್ ವಿಂಡೋ’ ಅಂತ ಹೆಸರಿಟ್ಟು ಮಾರುವ ಯೋಜನೆಯನ್ನು ಕೋಚ್ ಕೈಬಿಟ್ಟರು. ವ್ರತಭಂಗಕ್ಕೆ ‘ಚೀಟ್ ಡೇ’ ಅಂತ ಹೆಸರಿಟ್ಟದ್ದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಆ ಕಾಫಿಯ ಹೊತ್ತಿನಲ್ಲೂ ಅವರ ಮುಂದೆ ಒಂದು ಪ್ಲೇಟು ಚೌಚೌಬಾತ್ ಇತ್ತು, ಅದು ಆ ವಾರದ ನಾಲ್ಕನೆಯ ಚೀಟ್ ಡೇ.

ಜುಲೈ ತಿಂಗಳನ್ನು ಅವರು ಬರಹದಲ್ಲಿ ‘ಆತಂಕದ ಅಧ್ಯಾಯ’ ಎಂದು ಕರೆದಿದ್ದಾರೆ. ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೆಲ್ಲ ಜಿಎಸ್‌ಟಿ ನೋಟಿಸು ಕಳಿಸಿದ ತಿಂಗಳದು. ಅಂಗಡಿಗಳಲ್ಲಿ ರಾತ್ರೋರಾತ್ರಿ ‘ನೋ ಯುಪಿಐ, ಕ್ಯಾಶ್ ಮಾತ್ರ’ ಬೋರ್ಡುಗಳು ಎದ್ದವು. ಕೋಚ್ ಮನೆಯಲ್ಲೂ ಕ್ಯೂಆರ್ ಕೋಡು ಗೋಡೆಯಿಂದ ಇಳಿಯಿತು. ರಾತ್ರಿ ನಿದ್ದೆಯಿಲ್ಲ. ‘ಗಾಢ ನಿದ್ರೆಯ ಏಳು ಸೂತ್ರಗಳು’ ಎಂಬ ರೀಲನ್ನು ಅವರು ಚಿತ್ರೀಕರಿಸಿದ್ದು ಅದೇ ವಾರ, ರಾತ್ರಿ ಎರಡು ಗಂಟೆಗೆ. ಕೊನೆಗೆ ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಹೆಂಡತಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಿಸಿ ತೋರಿಸಿದರು. ಸರಾಸರಿ ಒಂಬತ್ತು ಜನ, ತಲೆಗೆ ಎರಡು ಸಾವಿರ, ಹನ್ನೆರಡು ತಿಂಗಳು. 2,16,000. “ರೀ, ಸೇವೆ ಮಾಡೋರಿಗೆ ಮಿತಿ ಇರೋದು 20 ಲಕ್ಷ. ನಿಮಗೆ ನೋಟಿಸ್ ಬರಬೇಕಾದರೆ ಇನ್ನೂ ಒಂಬತ್ತು ಜನ್ಮ ಕೋಚಿಂಗ್ ಮಾಡಬೇಕು. ಮಲಗಿ.”

ಮಲಗಿದರಂತೆ. ಆದರೆ ನೋಟಿಸೂ ಬರಲಿಲ್ಲವಲ್ಲ ಎಂಬ ಕೊರಗು ಆಮೇಲೆ ಶುರುವಾಯಿತು. ಎದುರಿನ ಕಾಂಡಿಮೆಂಟ್ಸಿನವನಿಗೆ ಬಂದಿತ್ತು. ಆತ ಬೀಡಿ ಸಿಗರೇಟು ಮಾರುವವನು. ಇನ್ನೊಂದು ಕಷ್ಟ, ಕ್ಯೂಆರ್ ಕೋಡು ಇಳಿಸಿದ್ದೇ ತಡ, “ಅಯ್ಯೋ, ಕ್ಯಾಶ್ ಇಟ್ಕೊಳ್ಳೋದೇ ಇಲ್ವಲ್ಲ ಸಾರ್” ಅಂತ ಅರ್ಧ ಬ್ಯಾಚು ಆ ತಿಂಗಳು ಫೀಸು ಕೊಡದೆ ತಪ್ಪಿಸಿಕೊಂಡಿತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಸೆಪ್ಟೆಂಬರ್ 22ರಿಂದ ಜಿಮ್ಮು, ಯೋಗ, ಸಲೂನುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಕೋಚ್ ಸಂತೋಷದಿಂದ ಗ್ರೂಪಿಗೆ ಕೈಮುಗಿಯುವ ಚಿತ್ರ ಹಾಕಿದರು. ಹಾಕಬಾರದಿತ್ತು. ಮರುದಿನ ಬೆಳಿಗ್ಗೆ ಇದ್ದ ಐವರೂ ಸಾಲಾಗಿ ನಿಂತು, “ಟ್ಯಾಕ್ಸ್ ಹದಿಮೂರು ಪರ್ಸೆಂಟ್ ಇಳಿದಿದೆಯಲ್ಲ, ಫೀಸಲ್ಲಿ ಇಳಿಸಿ” ಅಂದರು. ಯಾವತ್ತೂ ಹಾಕದಿದ್ದ ತೆರಿಗೆಯನ್ನು ಇಳಿಸಿಕೊಟ್ಟ ಏಕೈಕ ವ್ಯಾಪಾರಿ ಅಂತ ನಾನು ಇವರನ್ನು ಕರೆಯುತ್ತೇನೆ.

ಉಳಿದ ಏಟುಗಳು ಎಲ್ಲರಿಗೂ ಗೊತ್ತಿರುವವೇ. ಮಾರ್ಚ್‌ನಲ್ಲಿ ತೂಕ ಇಳಿಸುವ ಮೌಂಜಾರೊ ನಮ್ಮ ಮಾರುಕಟ್ಟೆಗೆ ಬಂತು. ವಾರಕ್ಕೊಂದು ಚುಚ್ಚು, ಬೆಳಿಗ್ಗೆ ಏಳುವ ಗೋಜಿಲ್ಲ. ದುಡ್ಡಿದ್ದ ಕ್ಲೈಂಟುಗಳು ಡಾಕ್ಟರ ಕಡೆ ನಡೆದರು. ದುಡ್ಡಿಲ್ಲದವರು ಚಾಟ್‌ಜಿಪಿಟಿ ಕಡೆ. “ಅದು ಕೊಟ್ಟಿರೋ ಡಯಟ್ ಚಾರ್ಟು ಸರಿಯಿದೆಯಾ, ಸ್ವಲ್ಪ ನೋಡಿ ಹೇಳಿ ಸಾರ್” ಅಂತ ಬಿಟ್ಟಿಯಾಗಿ ಕೇಳಲು ಮಾತ್ರ ಕೋಚ್ ಬೇಕು. ಜೂನ್ 21ರ ಯೋಗ ದಿನಕ್ಕೆ ಮೂರು ಕಡೆ ಕರೆದರು, ಮೂರು ಕಡೆಯೂ ಸಂಭಾವನೆ ಒಂದೇ: ಹಾರ, ಶಾಲು, ಫಲತಾಂಬೂಲ. ಶಾಲು ಒತ್ತೆ ಇಟ್ಟುಕೊಂಡು ಯಾರೂ ಸ್ಕೂಟರ್ ಕಂತು ಕಟ್ಟುವುದಿಲ್ಲ. ಪಾರ್ಕಿನಲ್ಲಿ ಕ್ಲಾಸು ನಡೆಸಲು ಅರ್ಜಿ ಕೊಟ್ಟಿದ್ದರು. ಅದಕ್ಕೆ ಉತ್ತರ ಬರುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ನಗರವೇ ಐದು ಪಾಲಿಕೆಗಳಾಗಿ ಹಂಚಿಹೋಯಿತು. ಅರ್ಜಿ ಈಗ ಯಾವ ಪಾಲಿಗೆ ಬಂದಿದೆಯೋ ಆ ಈಶ್ವರನೇ ಬಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಇವರನ್ನು ಗೇಲಿ ಮಾಡಲಾರೆ. ಬೇಸಿಗೆ ಕಳೆದು ಹಾಸನದಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಕು ಹರಿಯುವ ಮುಂಚೆ ಸಾಲು ನಿಂತರು. ನಮ್ಮ ಪಾರ್ಕಿಗೂ ಒಮ್ಮೆಲೇ ಜನ ನುಗ್ಗಿದರು. ಆ ಭಯವನ್ನು ಬೇರೆ ಯಾರಾದರೂ ಕಾಸು ಮಾಡಿಕೊಳ್ಳುತ್ತಿದ್ದರು. ಇವರು ರೀಲೂ ಮಾಡಲಿಲ್ಲ, ಫೀಸೂ ಕೇಳಲಿಲ್ಲ. “ಮೊದಲು ಡಾಕ್ಟರ ಹತ್ರ ಹೋಗಿ ಇಸಿಜಿ ಮಾಡಿಸ್ಕೊಂಡು ಬನ್ನಿ” ಅಂದರು. ಜನ ಹೋದರು, ಇಸಿಜಿ ಮಾಡಿಸಿದರು, ನಾರ್ಮಲ್ ಅಂತ ಬಂತು. ನಾರ್ಮಲ್ ಇದ್ದಮೇಲೆ ವ್ಯಾಯಾಮ ಯಾಕೆ ಅಂತ ವಾಪಸ್ಸು ಬರಲಿಲ್ಲ.

ಬಿಡದೆ ಬರುವವರು ಒಬ್ಬರೇ, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರು ಕೈ ಎತ್ತುವುದಿಲ್ಲ, ಕಾಲು ಚಾಚುವುದಿಲ್ಲ, ಬೆಂಚಿನ ಮೇಲೆ ಕೂತು ಉಳಿದವರ ಭಂಗಿಗೆ ಮಾರ್ಕ್ಸ್ ಹಾಕುತ್ತಾರೆ. ಆದರೂ ತಿಂಗಳ ಮೊದಲನೇ ತಾರೀಖು ಲಕೋಟೆಯಲ್ಲಿ ಎರಡು ಸಾವಿರ ತಪ್ಪದೆ ಬರುತ್ತದೆ. ಯಾಕೆ ಸಾರ್ ಅಂತ ಒಮ್ಮೆ ಕೇಳಿದೆ. “ಐದೂಮುಕ್ಕಾಲಿಗೆ ನಾನು ಬರದೇ ಇದ್ದರೆ ಈ ಹುಡುಗ ಫೋನ್ ಮಾಡ್ತಾನಯ್ಯ. ಮಗ ಇರೋದು ನ್ಯೂಜೆರ್ಸಿಯಲ್ಲಿ.” ಹುಡುಗನಿಗೆ ನಲವತ್ತಾರು ವರ್ಷ.

ಇದನ್ನು ನಿಮ್ಮ ಆತ್ಮಾವಲೋಕನದಲ್ಲಿ ಬರೆಯಿರಿ ಅಂದೆ. ಕೋಚ್ ತಲೆಯಾಡಿಸಿದರು. “ಅದರಲ್ಲಿ ಟ್ರಾನ್ಸ್‌ಫರ್ಮೇಷನ್ ಇಲ್ಲ ಸಾರ್. ಮುಂಚಿನ ಫೋಟೋ, ಆಮೇಲಿನ ಫೋಟೋ ಎರಡೂ ಒಂದೇ ಥರ ಇದೆ.” ಆಮೇಲೆ ವಾಚು ನೋಡಿಕೊಂಡು, ಇವತ್ತು ಆರು ಸಾವಿರವೇ ಆಗಿದೆ ಅಂತ ನಿಂತಲ್ಲೇ ಕಾಲು ಆಡಿಸತೊಡಗಿದರು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ಯಾವ ವೈದ್ಯರ ಲೆಕ್ಕವೂ ಅಲ್ಲ ಕಣ್ರೀ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು ಅದು, ಮಾನ್‌ಪೊ-ಕೇ ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ ಹೇಳಿದೆ. ಕಾಲು ಒಂದು ಕ್ಷಣ ನಿಂತವು. “ಇದೂ ಒಂದು ಲರ್ನಿಂಗ್” ಅಂದು ಮತ್ತೆ ಶುರು ಮಾಡಿದರು.

ಬಿಲ್ಲು ನಾನೇ ಕೊಟ್ಟೆ. ಚೌಚೌಬಾತ್ ಸೇರಿಸಿ.

ಹೊಸ ವರ್ಷದ ಬ್ಯಾಚಿಗೆ ನಾನೂ ಹೆಸರು ಬರೆಸಿದ್ದೇನೆ, ಬೆಳಿಗ್ಗೆ ಐದೂವರೆಗೆ. ಎಳ್ಳು ಬೆಲ್ಲದವರೆಗೆ ಮಾತ್ರ ಬರುತ್ತೇನೆ, ಹದಿಮೂರು ದಿನಕ್ಕೆ ಲೆಕ್ಕ ಹಾಕಿ ಫೀಸು ತಗೊಳ್ಳಿ ಅಂದದ್ದಕ್ಕೆ ಕೋಚ್ ಜೇಬಿನಿಂದ 2026ರ ಕ್ಯಾಲೆಂಡರ್ ತೆಗೆದು ತೋರಿಸಿದರು. ಈ ಸಲ ಸಂಕ್ರಾಂತಿ ಹದಿನೈದಕ್ಕೆ ಬಿದ್ದಿದೆ. ಹದಿನಾಲ್ಕು ದಿನ.