ಬೇಶುದ್ಧ ಕಾಕಾ

ಕೊಥ್ರೂಡಿನ ನಮ್ಮ ಸೊಸೈಟಿಯಲ್ಲಿ ಲಿಫ್ಟು ಕೆಟ್ಟರೆ ಮೆಕ್ಯಾನಿಕ್‌ಗಿಂತ ಮೊದಲು ಬಂದು ನಿಲ್ಲುವವರು ಕಾಕಾ. ರಿಪೇರಿ ಮಾಡುವುದಿಲ್ಲ, ಮಾಡುವುದು ಹೇಗೆಂದು ಮೆಕ್ಯಾನಿಕ್‌ಗೆ ಹೇಳುತ್ತಾರೆ. ಧಾರವಾಡದಿಂದ ಪುಣೆಗೆ ಬಂದದ್ದು 1985ರಲ್ಲಿ. ಆದರೆ 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದ ಕಥೆಯನ್ನು ಮಾತ್ರ ಪುಣೆಯ ಶನಿವಾರ ಪೇಟೆಗೆ ನುಗ್ಗಿದ ನೀರಿನಲ್ಲಿ ಧೋತರ ಎತ್ತಿ ನಿಂತಿದ್ದವರ ಹಾಗೆ ಹೇಳುತ್ತಾರೆ. ನಿಮ್ಮ ಓಣಿಯಲ್ಲೂ ಇಂಥವರೊಬ್ಬರು ಇದ್ದೇ ಇದ್ದಾರು.

ನಿವೃತ್ತರಾದ ಮೇಲೆ ಪ್ರತಿ ರವಿವಾರ ಸಿಂಹಗಡ. 1670ರಲ್ಲಿ ತಾನಾಜಿಯ ಮಾವಳೆ ಸೈನಿಕರು ರಾತ್ರಿ ಸದ್ದಿಲ್ಲದೆ ಹತ್ತಿದ ಗಡವನ್ನು ಕಾಕಾ ಹಗಲಲ್ಲಿ, ಊರಿಗೆಲ್ಲ ಕೇಳುವಂತೆ ಹತ್ತುತ್ತಾರೆ. ಎದುರು ಸಿಕ್ಕವರಿಗೆ ಬೂಟಿನ ಬಗ್ಗೆ ಸಲಹೆ, ಮೇಲೆ ಪಿಠಲಾ-ಭಾಕರಿ ಮಾಡುವವಳಿಗೆ ಉಪ್ಪಿನ ಬಗ್ಗೆ ಸಲಹೆ. ಹೀಗಾಗಿ, ಗುಡ್ಡದಲ್ಲಿ ದಾರಿ ತಪ್ಪಿದವರನ್ನು ಹುಡುಕುವ ತಂಡವೊಂದು ಒಂದು ದಿನದ ತಾಲೀಮಿಗೆ ಸ್ವಯಂಸೇವಕರನ್ನು ಕರೆದಾಗ ಪಟ್ಟಿಯಲ್ಲಿ ಮೊದಲ ಹೆಸರು ಕಾಕಾರದು. ಎರಡನೆಯದು, ಅವರೇ ಬರೆಸಿದ್ದು, ನನ್ನದು.

ಗಡದ ಬುಡದಲ್ಲಿ ನಮ್ಮನ್ನು ಎದುರುಗೊಂಡ ನಾಯಕಿಗೆ ಕಾಕಾರ ಮಗಳ ವಯಸ್ಸು. ಕಾಕಾರ ಚೀಲ ತೆಗೆಸಿದಳು. ಮೂರು ಟಾರ್ಚು, ದಿಕ್ಸೂಚಿ, ಎರಡು ಚಾಕು, ಒಂದು ಡಬ್ಬಿ ಚಕ್ಕಲಿ. ನೀರಿಲ್ಲ, ಸೀಟಿ ಇಲ್ಲ.

“ಸೀಟಿ ಯಾಕ ಬೇಕು? ನನ್ನ ದನಿ ಐತಲ್ಲ!”

ಆ ದನಿಯೇ ಮುಂದೆ ಕಂಟಕವಾಯಿತು. ಹುಡುಕುವ ಕ್ರಮ ಸರಳ. ಪಕ್ಕದವರು ಕಣ್ಣಿಗೆ ಬೀಳುವಷ್ಟು ಅಂತರ ಬಿಟ್ಟು ಎಲ್ಲರೂ ಸಾಲಾಗಿ ನಡೆಯಬೇಕು. ನಡುನಡುವೆ ನಾಯಕಿ ಸೀಟಿ ಊದಿ, ಕಳೆದುಹೋದವನ ಹೆಸರು ಕೂಗುತ್ತಾಳೆ. ಆಮೇಲೆ ಒಂದು ನಿಮಿಷ ಎಲ್ಲರೂ ನಿಂತಲ್ಲೇ ನಿಂತು, ಉಸಿರು ಬಿಗಿಹಿಡಿದು ಕೇಳಬೇಕು. ಕೆಲಸವೆಲ್ಲ ಆ ಒಂದು ನಿಮಿಷದಲ್ಲೇ ಇದೆ.

ಮೊದಲ ನಿಮಿಷದ ಹದಿನೈದನೇ ಸೆಕೆಂಡಿಗೆ ಕಾಕಾ, “ಏನೂ ಕೇಳಿಸವಲ್ದು ನೋಡ್ರಿ.” ಎರಡನೆಯದಕ್ಕೆ ಕೆಮ್ಮು, ಕೆಮ್ಮಿಗೆ ಜ್ಯೇಷ್ಠಮಧು ಹೇಗೆ ಒಳ್ಳೆಯದೆಂಬ ವಿವರಣೆ. ಮೂರನೆಯದಕ್ಕೆ ಪಾನಶೆತ್ ಒಡೆಯಿತು.

ಗಾಯಾಳುವಿನ ಪಾತ್ರ ವಹಿಸಿದ್ದ ಹುಡುಗ ನಮ್ಮಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಕವಳಿ ಪೊದೆಯ ಹಿಂದೆಯೇ ಬಿದ್ದಿದ್ದ. ಸಿಕ್ಕದ್ದು ಮುಕ್ಕಾಲು ತಾಸಿನ ಮೇಲೆ. “ನಾಲ್ಕು ಸಲ ನರಳಿದೆ. ಆಮೇಲೆ ಕಥೆ ಚೆನ್ನಾಗಿತ್ತು, ಕೇಳ್ತಾ ಮಲಗಿದೆ” ಎಂದ.

ನಾಯಕಿ ಬೈಯಲಿಲ್ಲ. ಎಲ್ಲರನ್ನೂ ಕೂರಿಸಿ ಮಾಳೀಣದ ಮಾತು ತೆಗೆದಳು. ಇದೇ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲೂಕಿನ ಹಳ್ಳಿ. 2014ರ ಜುಲೈ 30ರ ಬೆಳಿಗ್ಗೆ ಗುಡ್ಡ ಜಾರಿ ಮನೆಗಳ ಮೇಲೆ ಕೂತಿತು. ಹೊರಗೆ ಸುದ್ದಿ ಮುಟ್ಟಿಸಿದವನು ಎಸ್‌ಟಿ ಬಸ್ಸಿನ ಚಾಲಕ. ದಿನಾ ನೋಡುತ್ತಿದ್ದ ಊರು ಅವನಿಗೆ ಅಂದು ಕಾಣಲೇ ಇಲ್ಲ. ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಆ ಕೆಸರಿನಲ್ಲಿ ಒಂದು ಹಸುಗೂಸು ಅತ್ತದ್ದು ಯಾರದೋ ಕಿವಿಗೆ ಬಿತ್ತು. ಕೂಸೂ ಬದುಕಿತು, ತಾಯಿಯೂ ಬದುಕಿದಳು.

“ಆಗ ಅಲ್ಲಿ ಯಾರಾದರೂ ಮಾತಾಡ್ತಾ ನಿಂತಿದ್ರೆ?” ಎಂದಳು.

ಕಾಕಾ ಚಕ್ಕಲಿ ಡಬ್ಬಿಯ ಮುಚ್ಚಳ ಹಾಕಿದರು. ಅದೊಂದೇ ಸದ್ದು.

ಮಧ್ಯಾಹ್ನ ಸ್ಟ್ರೆಚರಿನ ಪಾಠ. ಈ ಸಲ ಗಾಯಾಳು ಕಾಕಾ. “ನೀವು ಬೇಶುದ್ಧ. ಬೇಶುದ್ಧ ಇದ್ದವರು ಮಾತಾಡೋದಿಲ್ಲ” ಎಂದು ಪಟ್ಟಿ ಬಿಗಿದಳು. ಆರು ಜನ ಎತ್ತಿದೆವು. ಇಳಿಜಾರಿನಲ್ಲಿ ಗಾಯಾಳುವಿನ ಕಾಲು ಮುಂದಿರಬೇಕು, ತಲೆ ಮೇಲಿನ ಕಡೆಗೆ. ಎಂಬತ್ನಾಲ್ಕು ಕಿಲೋದ ಸಲಹೆ ಹೊತ್ತು ನೂರು ಹೆಜ್ಜೆ ಇಳಿಯುವಷ್ಟರಲ್ಲಿ ನನ್ನ ಭುಜ ಕಳಚಿತು. ರೀಲು ನೋಡಿ ‘ಹೆಲಿಕಾಪ್ಟರ್ ಯಾಕೆ ಬರಲಿಲ್ಲ’ ಎಂದು ಕೇಳುವವರನ್ನು ಒಮ್ಮೆ ಈ ಹಿಡಿಕೆಗೆ ಹಚ್ಚಬೇಕು. ಕಾಕಾ ಮಾತ್ರ ಕಣ್ಣು ಮುಚ್ಚಿ, ತುಟಿ ಒಳಗೆಳೆದುಕೊಂಡು ಮಲಗಿದ್ದರು. ಒಂದೇ ಒಂದು ಸಲ, ನಾನು ಕಲ್ಲೆಡವಿದಾಗ, ಎಡಗೈ ಬೆರಳು ತಾನಾಗಿ ಎದ್ದು ‘ಬಲಕ್ಕೆ’ ಎಂದು ತೋರಿಸಿ ಮತ್ತೆ ಮೂರ್ಛೆ ಹೋಯಿತು.

ಸಂಜೆ ಮನೆ ಬಾಗಿಲಲ್ಲಿ ಕಾಕಾರ ಹೆಂಡತಿ, ನಮ್ಮ ಕಾಕು, ಕೇಳಿದರು: “ಅರ್ಧಾ ತಾಸು ಬಾಯಿ ಮುಚ್ಚಿದ್ರಂತ? ಆ ಹುಡುಗಿ ನಂಬರ್ ಕೊಡ.”

ಮುಂದಿನ ತಾಲೀಮು ಮಳೆಗಾಲಕ್ಕೆ ಮೊದಲು. ಪಟ್ಟಿ ಬಂದಿದೆ. ನಾನು ಹೊರುವವರಲ್ಲಿ, ಕಾಕಾ ಬೇಶುದ್ಧರಲ್ಲಿ, ಕಾಯಂ.