ಲೋಹದಲಾಲ ಲಕ್ಷಣ: ಸೊನ್ನಲಿಗೆ ಸೀಮೆಗೆ ಅನ್ವಯಿಸಿ

ಮೊದಲು ಲಕ್ಷಣ. ಎರಡು ವಸ್ತುಗಳ ನಡುವೆ ಕೂತು, ಕುದುರದ ವ್ಯವಹಾರವನ್ನು ಕುದುರಿಸಿ, ಮುಗಿದ ಮೇಲೆ ಇದ್ದ ಹಾಗೆಯೇ ಎದ್ದು ಹೋಗುವ ಲೋಹಕ್ಕೆ ವೇಗವರ್ಧಕವೆಂದು ಹೆಸರು. ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿಯುವ ದಲಾಲನನ್ನು ಕಂಡವರಿಗೆ ಹೆಚ್ಚಿನ ಭಾಷ್ಯ ಬೇಡ. ಎತ್ತೂ ಅವನದಲ್ಲ, ರೊಕ್ಕವೂ ಅವನದಲ್ಲ. ಆದರೆ ಯಾವ ಎತ್ತು ಯಾರ ಮನೆ ಸೇರಬೇಕೆಂಬುದು ಆ ಟವಲಿನ ಕೆಳಗೇ ತೀರ್ಮಾನವಾಗುತ್ತದೆ. ಲೋಹದ ಮಹಿಮೆಯೂ ಅವಸರ ಮಾಡಿಸುವುದರಲ್ಲಿಲ್ಲ, ಯಾವ ವ್ಯವಹಾರ ಕುದುರಬೇಕೆಂದು ಆರಿಸುವುದರಲ್ಲಿದೆ.

ಪೂರ್ವಪಕ್ಷ: ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಮದ್ಯಸಾರ ಮಾಡುವ ಯೀಸ್ಟೂ ದಲಾಲನೇ ಅಲ್ಲವೇ? ಅಲ್ಲ. ಅದು ಸರಕನ್ನೇ ತಿಂದು, ಮಕ್ಕಳುಮರಿ ಮಾಡಿ, ಕೊನೆಗೆ ತಾನೇ ತಯಾರಿಸಿದ ಸಾರಾಯಿಯಲ್ಲಿ ಸಾಯುತ್ತದೆ. ಇಂಥವರಿಗೆ ಈ ಶಾಸ್ತ್ರದಲ್ಲಿ ಜಾಗವಿಲ್ಲ.

ಸರಕಿನ ಭೇದಗಳು: ಹರಿಯುವ ಕಾಕಂಬಿ, ಕಬ್ಬು ಅರೆದ ಮೇಲೆ ಉಳಿಯುವ ನಾರಿನ ಬಗಾಸ್, ಎಣ್ಣೆಯ ಕುಸುಬಿ. ಅಕ್ಕಲಕೋಟೆ ಕಡೆಯ ಜೋಳದ ಕಣಿಕಿಯನ್ನು ‘ಕೃಷಿ ತ್ಯಾಜ್ಯ’ವೆಂದು ನಾಲ್ಕನೆಯದಾಗಿ ಸೇರಿಸುವ ಪಂಡಿತರಿದ್ದಾರೆ. ಅವರು ಎತ್ತನ್ನು ಕೇಳಿ ಬರೆದಂತಿಲ್ಲ.

ಇನ್ನು ದಲಾಲರು. ಮೊದಲನೆಯವನು ಧಾರಾಳಿ, ಅಂದರೆ ನಿಕ್ಕಲ್. ಜಲಜನಕವನ್ನು ಎದುರಿಗೆ ಬಂದವರಿಗೆಲ್ಲ ಹಂಚುವುದು ಇವನ ಸ್ವಭಾವ. ಇದನ್ನು ಕಂಡುಹಿಡಿದ ಫ್ರಾನ್ಸಿನ ಪಾಲ್ ಸಬಾಟಿಯೆಗೆ 1912ರಲ್ಲಿ ನೊಬೆಲ್ ಬಂತು. ಅದಕ್ಕೂ ಹತ್ತು ವರ್ಷ ಮೊದಲೇ, 1902ರಲ್ಲಿ, ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಇವನನ್ನು ಎಣ್ಣೆಯ ಪೇಟೆಗೆ ಇಳಿಸಿ ಪೇಟೆಂಟ್ ಹಿಡಿದಿದ್ದ. ಇವನು ಗಟ್ಟಿ ಮಾಡಿದ ಎಣ್ಣೆ ನಮ್ಮ ಅಡುಗೆಮನೆಗೆ ಡಾಲ್ಡಾ ಡಬ್ಬಿಯಾಗಿ ಬಂದದ್ದು 1937ರಲ್ಲಿ. ಕುಸುಬಿ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಅದರ ಒಂದೊಂದು ಸರಪಳಿಯಲ್ಲೂ ಎರಡೆರಡು ಜೋಡಿಬಂಧ, ಧಾರಾಳಿಗೆ ಹಬ್ಬ. ಕೊಟ್ಟಷ್ಟೂ ಎಣ್ಣೆ ಗಟ್ಟಿಯಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಕೆಲವು ಬಂಧಗಳು ತಿರುಚಿಕೊಂಡು ಟ್ರಾನ್ಸ್ ಕೊಬ್ಬಾಗುತ್ತವೆ. 2022ರಿಂದ ಸರ್ಕಾರ ಅದಕ್ಕೆ ನೂರಕ್ಕೆ ಎರಡರ ಮಿತಿ ಹಾಕಿದೆ. ಇದೇ ಆಸಾಮಿ ಗ್ಲೂಕೋಸಿಗೆ ಜಲಜನಕ ಕೊಟ್ಟರೆ ಸಾರ್ಬಿಟಾಲ್: ಬೆಳಗಿನ ಟೂತ್‌ಪೇಸ್ಟ್ ಒಣಗದೆ ಸಿಹಿಯಾಗಿರುವುದು ಅದರಿಂದ. ಧಾರಾಳಿಯ ಉಪಭೇದವೊಂದು ರೇನಿ ನಿಕ್ಕಲ್. ನಿಕ್ಕಲ್‌ ಜೊತೆ ಅಲ್ಯೂಮಿನಿಯಂ ಬೆರೆಸಿ, ಕಾಸ್ಟಿಕ್ ಸೋಡಾದಲ್ಲಿ ಅಲ್ಯೂಮಿನಿಯಮ್ಮನ್ನು ಕರಗಿಸಿ ತೆಗೆದರೆ ಮೈತುಂಬ ರಂಧ್ರಗಳ ನಿಕ್ಕಲ್ ಉಳಿಯುತ್ತದೆ. ರಂಧ್ರವೆಂದರೆ ಟವಲು, ಟವಲು ಹೆಚ್ಚಾದಷ್ಟೂ ವ್ಯವಹಾರ ಹೆಚ್ಚು.

ಎರಡನೆಯವನು ಮಿತಹಸ್ತ ತಾಮ್ರ. ಬಗಾಸನ್ನು ಆಮ್ಲದಲ್ಲಿ ಬೇಯಿಸಿದರೆ ಫರ್‌ಫ್ಯೂರಲ್ ಸಿಗುತ್ತದೆ. (ಆಮ್ಲವೂ ದಲಾಲನೇ, ಆದರೆ ಲೋಹವಲ್ಲ, ಪಾತ್ರೆಯನ್ನೂ ತಿನ್ನುತ್ತದೆ. ಮುಂದೆ ಹೋಗೋಣ.) ಈ ಫರ್‌ಫ್ಯೂರಲ್ ನಿಕ್ಕಲ್ ಕೈಗೆ ಸಿಕ್ಕರೆ ಅದರ ಅಣುವಿನ ಉಂಗುರವನ್ನೂ ಬಿಡದೆ ಜಲಜನಕ ತುಂಬಿಬಿಡುತ್ತಾನೆ. ತಾಮ್ರ ಹಾಗಲ್ಲ. ಉಂಗುರದ ಹೊರಗಿನ ಒಂದು ಬಾಗಿಲನ್ನು ಮಾತ್ರ ತಟ್ಟಿ ಫರ್‌ಫ್ಯೂರೈಲ್ ಆಲ್ಕೊಹಾಲ್ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಎರಕದ ಕಾರ್ಖಾನೆಗಳಲ್ಲಿ ಮರಳಿನ ಅಚ್ಚನ್ನು ಹಿಡಿದಿಡುವ ಅಂಟು ಇದರದೇ. ಸರಕು ಒಂದೇ, ದಲಾಲ ಬದಲಾದರೆ ಎತ್ತು ಬೇರೆ ಊರಿಗೆ ಹೋಗುತ್ತದೆ. ಈ ಗ್ರಂಥಕಾರನಿಗೆ ತಾಮ್ರದ ಮೇಲೆ ಸ್ವಲ್ಪ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ.

ಮೂರನೆಯವನು ಗಾಳಿಪ್ರಿಯ ಬೆಳ್ಳಿ. ಬಿಸಿ ಬೆಳ್ಳಿಯ ಮೇಲೆ ಮದ್ಯಸಾರದ ಆವಿ, ಗಾಳಿ ಎರಡೂ ಹಾಯ್ದರೆ ಅಸಿಟಾಲ್ಡಿಹೈಡ್. ಮದ್ಯಸಾರವನ್ನು ಮೊದಲು ಎಥಿಲೀನ್ ಮಾಡಿಕೊಂಡು ಬಂದರೆ ಎಥಿಲೀನ್ ಆಕ್ಸೈಡ್, ಅದರಿಂದ ಗ್ಲೈಕಾಲ್, ಅದರಿಂದ ಪಾಲಿಯೆಸ್ಟರ್. ಕಾಕಂಬಿಯಿಂದ ಹೊರಟು ಅಂಗಿಯವರೆಗಿನ ಈ ದಾರಿಯಲ್ಲಿ ಉತ್ತರಾಖಂಡದ ಕಾಶೀಪುರದ ಇಂಡಿಯಾ ಗ್ಲೈಕಾಲ್ಸ್ ಗ್ಲೈಕಾಲ್‌ತನಕ ನಡೆಯುತ್ತದೆ. ನಮಗೆ ಹತ್ತಿರದ ನಿದರ್ಶನ ಗೋದಾವರಿ ಬಯೋರಿಫೈನರೀಸ್: ಬಾಗಲಕೋಟೆ ಜಿಲ್ಲೆಯ ಸಮೀರವಾಡಿಯಲ್ಲಿ ಕಬ್ಬು, ಮದ್ಯಸಾರ. ಮಹಾರಾಷ್ಟ್ರದ ಸಾಕರವಾಡಿಯಲ್ಲಿ ಮದ್ಯಸಾರದಿಂದ ರಾಸಾಯನಿಕಗಳು.

ನಾಲ್ಕನೆಯವರು ಶ್ರೀಮಂತರು: ಪ್ಲಾಟಿನಂ, ಪಲ್ಲಾಡಿಯಂ, ರುಥೇನಿಯಂ. ಗ್ರಾಂ ಲೆಕ್ಕದಲ್ಲಿ ಬರುತ್ತಾರೆ, ಗ್ರಾಂ ಕಳೆದರೆ ಮಾಲೀಕ ನಿದ್ದೆಗೆಡುತ್ತಾನೆ. 2006ರಲ್ಲಿ ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಫುಕುವೊಕಾ ಮತ್ತು ಪರೇಶ್ ಢೇಪೆ ಬಗಾಸಿನಂಥ ನಾರಿನಲ್ಲಿರುವ ಜಗ್ಗದ ಸೆಲ್ಯುಲೋಸನ್ನು ಇವರ ಮೂಲಕ ನೇರ ಸಾರ್ಬಿಟಾಲ್ ಮಾಡಿ ತೋರಿಸಿದರು. ಢೇಪೆ ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಸೇರಿದರು.

ಮರಣ ಪ್ರಕರಣ. ಲೋಹ ಇದ್ದ ಹಾಗೆಯೇ ಎದ್ದು ಹೋಗುತ್ತದೆಂಬ ಮೇಲಿನ ಲಕ್ಷಣ ಶಾಸ್ತ್ರಕ್ಕೆ ಸರಿ, ಕಾರ್ಖಾನೆಗೆ ಪೂರ್ತಿ ಅಲ್ಲ. ಮಸಿ ಕಟ್ಟಿ ಸಾಯುವವರುಂಟು, ಕಾವಿಗೆ ಕಣ ಕಣ ಅಂಟಿ ಸಾಯುವವರುಂಟು. ನಿಕ್ಕಲಿಗೆ ಮೃತ್ಯು ಗಂಧಕ. ನಮ್ಮ ಬಹುತೇಕ ಸಕ್ಕರೆ ಕಾರ್ಖಾನೆಗಳು ರಸವನ್ನು ಬೆಳ್ಳಗೆ ಮಾಡುವುದೇ ಗಂಧಕದ ಹೊಗೆಯಿಂದ. ಅದರ ಪಾಲು ಕಾಕಂಬಿಗೂ ಇಳಿಯುತ್ತದೆ. ಹೀಗಾಗಿ ಸಕ್ಕರೆ ನೋಡಲು ಚೆನ್ನಾಗಿರಲೆಂದು ಮಾಡಿದ ಶೃಂಗಾರವೇ ದಲಾಲನಿಗೆ ವಿಷ. ಸರಕನ್ನು ತೊಳೆಯದೆ ಅವನ ಮುಂದಿಡುವಂತಿಲ್ಲ.

ಕಡೆಗೆ, ದಲಾಲನೇ ಬೇಡದ ವ್ಯವಹಾರ: ಬೆಂಕಿ. ಸೊಲ್ಲಾಪುರದ ಬಗಾಸ್ ಹೆಚ್ಚಾಗಿ ಬಾಯ್ಲರಿಗೆ ಹೋಗಿ ಹಬೆಯಾಗುತ್ತದೆ, ಕರೆಂಟಾಗುತ್ತದೆ. ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದ್ದೂ ವಿಮಾನಕ್ಕೆ ಅಡ್ಡವೆಂದೇ ಹೊರತು ಬಗಾಸ್ ಸುಡಬಾರದೆಂದಲ್ಲ. ಸುಡುವವರನ್ನು ಹಳಿಯುವುದು ಸುಲಭ, ಆದರೆ ಅವರ ಲೆಕ್ಕ ತಪ್ಪಲ್ಲ. ಕಬ್ಬು ಅರೆಯುವುದು ವರ್ಷಕ್ಕೆ ನಾಲ್ಕೈದು ತಿಂಗಳು. ಲೋಹದ ಗಡಿಗೆಗಳು ಹನ್ನೆರಡು ತಿಂಗಳೂ ಕುದಿಯುತ್ತಿದ್ದರೆ ಮಾತ್ರ ಬಡ್ಡಿ ಹುಟ್ಟುತ್ತದೆ. ಮಿಕ್ಕ ತಿಂಗಳಿಗೆ ಒದ್ದೆ ಬಗಾಸನ್ನು ಒಟ್ಟಿಟ್ಟರೆ ಕೊಳೆಯುತ್ತದೆ, ಒಣಗಿಸಿಟ್ಟರೆ ಒಂದು ಕಿಡಿ ಸಾಕು. ಆ ಗುಡ್ಡೆಯನ್ನು ಕಾಯುವವನನ್ನು ಯಾವ ಭೇದದಲ್ಲಿ ಸೇರಿಸಬೇಕೆಂಬುದು ಇನ್ನೂ ಚರ್ಚೆಯಲ್ಲಿದೆ.